ಡಿಪೋ ಬಂಕ್ ಮಾರ್ಗವಾಗಿ ಅಕ್ಕನ ಮನೆಗೆ

ಕುಳಿತುಕೊಳ್ಳಿ ತಾಯಂದಿರೇ. ಹಿಂದೆ ನಿಂತಿರುವ ಅಣ್ಣಂದಿರೂ ಮುಂದೆ ಬನ್ನಿ, ಜಾಗವಿದೆ. ಇನ್ನೂ ಕೆಲವರು ಬರಬೇಕು, ಐದು ನಿಮಿಷ ಕಾಯೋಣ ಎನ್ನುತ್ತಿದ್ದಾರೆ ನಮ್ಮ ಸಂಚಾಲಕರು. ಬರುತ್ತಾರೆ, ಬಿಡಿ. ಅವರು ಎಲ್ಲಿದ್ದಾರೆ ಎಂದು ನನಗೆ ಗೊತ್ತು. ನಾನು ಬರುವಾಗ ಮುಖ್ಯರಸ್ತೆಯ ಪೆಟ್ರೋಲ್ ಬಂಕಿನ ಮುಂದೆ ಉದ್ದದ ಸಾಲು ನೋಡಿದೆ. ಸಾಲಿನಲ್ಲಿದ್ದ ಮುಖಗಳಲ್ಲಿ ಕೆಲವು ಪರಿಚಯದವೇ. ನನ್ನನ್ನು ನೋಡಿದ ಕೂಡಲೇ ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿಕೊಂಡರು. ಭಾನುವಾರ ಬೆಳಗ್ಗೆ ಒಂದು ಗಂಟೆ ದೇವರಿಗೆಂದು ತೆಗೆದಿಟ್ಟು, ಅದರಲ್ಲಿ ಅರ್ಧವನ್ನು ಬಂಕಿನವನಿಗೆ ಕೊಟ್ಟು ಬರುತ್ತಾರೆ.

ಬೈಯುತ್ತಿಲ್ಲ. ಬೈಯುವ ಹುಮ್ಮಸ್ಸು ನನ್ನಲ್ಲೂ ಉಳಿದಿಲ್ಲ. ಎಷ್ಟೋ ವರ್ಷಗಳಿಂದ ಇಲ್ಲಿ ಕೂತು ಅದನ್ನು ಬಿಡಿ, ಇದನ್ನು ಬಿಡಿ ಎಂದು ಹೇಳುತ್ತಲೇ ಇದ್ದೇನೆ. ನೀವು ತಲೆಯಾಡಿಸುತ್ತಲೇ ಇದ್ದೀರಿ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಎಲ್ಲ ಮರೆತಿರುತ್ತದೆ. ಇರಲಿ. ಇವತ್ತು ಗ್ರಂಥ ತೆಗೆಯುವುದಿಲ್ಲ. ಒಂದು ಕಥೆ ಹೇಳುತ್ತೇನೆ, ಕೇಳಿ.

ಒಂದು ದೊಡ್ಡ ಪಟ್ಟಣ. ಎಷ್ಟು ದೊಡ್ಡದು? ಈ ತುದಿಯಲ್ಲಿ ಮಳೆ ಸುರಿದರೆ ಆ ತುದಿಯವರು ಪೇಪರಿನಲ್ಲಿ ಓದಿ ತಿಳಿದುಕೊಳ್ಳಬೇಕು, ಅಷ್ಟು ದೊಡ್ಡದು. ಆ ಪಟ್ಟಣದಲ್ಲಿ ಒಬ್ಬ ಯಜಮಾನ. ಚೆನ್ನಾಗಿ ಉಳ್ಳವನು. ಎರಡು ಮಹಡಿಯ ಮನೆ, ಬಾಡಿಗೆ ಬರುವ ಮಳಿಗೆಗಳು, ಬಾಗಿಲಲ್ಲಿ ಡೀಸೆಲ್ ಕಾರು. ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ, ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವವನಲ್ಲ. ಮತ್ತೆ ಅವನ ದೋಷವೇನು ಸ್ವಾಮಿ ಎನ್ನುತ್ತೀರಾ? ದೋಷ ಎನ್ನಬೇಕೋ ಬೇಡವೋ ಕೊನೆಗೆ ನೀವೇ ಹೇಳಿ. ಅವನಿಗೆ ಅಗ್ಗದ ಡೀಸೆಲ್ ಹುಡುಕುವ ಗೀಳು.

ನಗಬೇಡಿ. ನಗುವವರ ಜೇಬಿನಲ್ಲಿ ಯಾವ ಬಂಕಿನ ಪಾಯಿಂಟ್ ಕಾರ್ಡು ಇದೆ ಎಂದು ತೆಗೆಸಿ ನೋಡಬೇಕಾಗುತ್ತದೆ.

ಆ ಪಟ್ಟಣದ ಅಷ್ಟೂ ಬಂಕುಗಳು ಅವನಿಗೆ ಬಾಯಿಪಾಠ. ಯಾವುದರಲ್ಲಿ ಲೀಟರಿಗೆ ಪೈಸೆ ಕಡಿಮೆ, ಯಾವುದರಲ್ಲಿ ಅಳತೆ ಸರಿ, ಯಾವುದರಲ್ಲಿ ಮೀಟರ್ ಸೊನ್ನೆಯಿಂದ ಶುರುವಾಗದೆ ಸಟ್ಟನೆ ಹಾರುತ್ತದೆ, ಎಲ್ಲ ಗೊತ್ತು. ಬೆಳಗ್ಗೆ ಎದ್ದವನೇ ದೇವರ ಪಟ ನೋಡುವ ಮೊದಲು ಮೊಬೈಲಿನಲ್ಲಿ ಆ ದಿನದ ದರ ನೋಡುತ್ತಾನೆ. ಇಳಿಜಾರು ಬಂದರೆ ಗೇರು ತೆಗೆದು ಕಾರನ್ನು ಸುಮ್ಮನೆ ಉರುಳಲು ಬಿಡುತ್ತಾನೆ. ಎಂಥ ಸೆಕೆಯಲ್ಲೂ ಏಸಿ ಹಾಕುವುದಿಲ್ಲ. ಬಂಕಿನಲ್ಲಿ ದುಂಡು ಮೊತ್ತ ಹೇಳುವುದಿಲ್ಲ. ಸಾವಿರ ಎಂದು ಹೇಳಿದರೆ ಮೆಷಿನ್ನಿನೊಳಗೆ ಮೊದಲೇ ಮೋಸ ಮಾಡಿಟ್ಟಿರುತ್ತಾರೆ ಎಂದು ಯಾರೋ ಅವನಿಗೆ ಹೇಳಿದ್ದಾರೆ. ಆದ್ದರಿಂದ ಕುತ್ತಿಗೆಯವರೆಗೆ ತುಂಬಿಸು ಎನ್ನುತ್ತಾನೆ. ಪೈಪು ಕಟ್ಟೆಂದು ನಿಂತ ಮೇಲೆ ತಾನೇ ಕಾರಿನ ಹಿಂದೆ ಹೋಗಿ ಎರಡೂ ಕೈಯಿಂದ ಅಲ್ಲಾಡಿಸುತ್ತಾನೆ, ಒಳಗಿನ ಗಾಳಿ ಹೊರಗೆ ಬಂದು ಇನ್ನೊಂದಿಷ್ಟು ಹಿಡಿಯಲಿ ಎಂದು. ಹಿಂದಿನ ಸಾಲಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಅವನ ಮನಸ್ಸಿಗೆ ಒಪ್ಪುವ ಬಂಕ್ ಇಡೀ ಪಟ್ಟಣದಲ್ಲಿ ಒಂದೇ. ಊರ ಪೂರ್ವದ ಅಂಚಿನಲ್ಲಿ, ರಿಂಗ್ ರಸ್ತೆ ದಾಟಿ, ಎಣ್ಣೆ ಕಂಪನಿಯ ಡಿಪೋ ಪಕ್ಕದಲ್ಲಿ. ಡಿಪೋ ಹತ್ತಿರವಾದ್ದರಿಂದ ಸಾಗಾಟದ ಖರ್ಚಿಲ್ಲ, ಹಾಗಾಗಿ ದರ ಪೈಸೆಗಳಷ್ಟು ಕಡಿಮೆ. ಅದೂ ಬೆಳಗ್ಗೆಯೇ ಹಾಕಿಸಬೇಕು. ಬಿಸಿಲು ಏರಿದರೆ ಡೀಸೆಲ್ ಹಿಗ್ಗಿ ತೆಳುವಾಗುತ್ತದೆ, ತಂಪು ಹೊತ್ತಿನಲ್ಲಿ ಹಾಕಿಸಿದರೆ ಗಟ್ಟಿ ಎಣ್ಣೆ ಸಿಗುತ್ತದೆ ಎಂದು ಅವನ ನಂಬಿಕೆ. ನಿಮ್ಮಲ್ಲೂ ಬಹಳ ಜನ ಇದನ್ನು ನಂಬುತ್ತೀರಿ ಎಂದು ಕೇಳಿದ್ದೇನೆ. ಎಣ್ಣೆ ನೆಲದೊಳಗಿನ ತೊಟ್ಟಿಯಲ್ಲಿ ಇರುತ್ತದಲ್ಲ, ಅದಕ್ಕೆ ಬಿಸಿಲು ತಾಗುವುದು ಹೇಗೆ ಎಂದು ಅವನ ಹೆಂಡತಿ ಒಮ್ಮೆ ಕೇಳಿದಳು. "ನಿಂಗೇನ್ ಗೊತ್ತಾಗತ್ತೆ, ಸುಮ್ನೆ ಕೂತ್ಕೋ" ಎಂದ. ಅವಳು ಸುಮ್ಮನೆ ಕೂತಳು.

ನೋಡಿ, ಇಲ್ಲಿ ಒಂದು ಮಾತು. ಇಷ್ಟು ಹೊತ್ತು ನಾನು ಯಜಮಾನನ ವಿಷಯ ಹೇಳಿದೆ. ಆದರೆ ಕಥೆ ಅವನದಲ್ಲ. ಪಕ್ಕದ ಸೀಟಿನಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡು, ಕಿಟಕಿಯಿಂದ ಬರುವ ಹೊಗೆಗೆ ಸೆರಗನ್ನು ಮೂಗಿಗೆ ಹಿಡಿದುಕೊಂಡು ಕೂತಿದ್ದಾಳಲ್ಲ, ಅವಳದು. ಯಜಮಾನನಿಗೆ ಹೆಸರಿಲ್ಲದಿದ್ದರೂ ನಡೆಯುತ್ತದೆ. ಅವಳಿಗೆ ಹೆಸರು ಬೇಕು. ಯಾಕೆಂದರೆ ಅವಳನ್ನು ಒಬ್ಬರು ಹೆಸರು ಹಿಡಿದು ಕರೆಯುತ್ತಾರೋ ಇಲ್ಲವೋ ಎಂಬುದರ ಮೇಲೆಯೇ ಈ ಕಥೆ ನಿಂತಿದೆ. ಅವಳ ಹೆಸರು ಪಂಕಜ.

ಪಂಕಜಳನ್ನು ಗಂಡ "ಇವಳೇ" ಎಂದು ಕರೆಯುತ್ತಾನೆ. ಮಕ್ಕಳು ಅಮ್ಮ ಎನ್ನುತ್ತಾರೆ, ಬೀದಿಯವರು ಆಂಟಿ ಎನ್ನುತ್ತಾರೆ. "ಪಂಕು" ಎಂದು ಕರೆಯುವ ಬಾಯಿ ಈ ಲೋಕದಲ್ಲಿ ಒಂದೇ ಉಳಿದಿತ್ತು. ಅದು ಅವಳ ಅಕ್ಕನದು. ಹೆತ್ತವಳು ಪಂಕಜಳನ್ನು ಹೆತ್ತು ತೀರಿಕೊಂಡಿದ್ದಳು. ಎತ್ತಿ ಬೆಳೆಸಿದವಳು ಅಕ್ಕ. ಜಡೆ ಹಾಕಿದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಇವಳ ಓದು ಮುಗಿಯಲಿ ಎಂದು ತನ್ನ ಮದುವೆಯನ್ನು ಮುಂದೆ ತಳ್ಳಿದ್ದು, ಎಲ್ಲ ಅಕ್ಕ.

ಆ ಅಕ್ಕ ಈಗ ಅದೇ ಪಟ್ಟಣದ ಪಶ್ಚಿಮದ ತುದಿಯಲ್ಲಿ, ಮಗಳ ಮನೆಯಲ್ಲಿ ಇದ್ದಳು. ವಯಸ್ಸಾಗಿತ್ತು. ಮೈ ಗಟ್ಟಿಯಾಗಿಯೇ ಇತ್ತು, ಮರೆವು ಶುರುವಾಗಿತ್ತು. ಆ ಮರೆವಿಗೂ ಒಂದು ರೀತಿ ಇತ್ತು. ಬೆಳಗ್ಗೆ ಎದ್ದಾಗ ಅಕ್ಕನಿಗೆ ಎಲ್ಲ ಸ್ಪಷ್ಟ. ಮಗಳು ಯಾರು, ಮೊಮ್ಮಕ್ಕಳು ಯಾರು, ಹಿಂದಿನ ದಿನ ಏನು ಸಾರು, ಎಲ್ಲ ನೆನಪಿರುತ್ತಿತ್ತು. ಬಿಸಿಲು ಏರುತ್ತ ಏರುತ್ತ ಒಂದೊಂದೇ ಮಸುಕಾಗುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಕೂರುವಾಗ ಬಡಿಸುತ್ತಿರುವ ಮಗಳನ್ನೇ "ನೀವು ಯಾರ ಮನೆಯವರಮ್ಮಾ" ಎಂದು ಕೇಳುವಳು. ಮರುದಿನ ಬೆಳಗ್ಗೆ ಮತ್ತೆ ಸರಿ.

ಮಗಳು ಫೋನ್ ಮಾಡಿ ಹೇಳಿದಳು. "ಚಿಕ್ಕಮ್ಮ, ಅಮ್ಮನ್ನ ನೋಡ್ಬೇಕು ಅಂದ್ರೆ ಬೆಳಗ್ಗೇನೇ ಬನ್ನಿ. ತಿಂಡಿ ಹೊತ್ತಿಗೆ ಬಂದ್ಬಿಡಿ. ಈ ಬೆಳಗ್ಗೆಗಳೂ ಎಷ್ಟು ದಿನ ಇರತ್ತೋ ಹೇಳಕ್ಕಾಗಲ್ಲ ಅಂದಿದಾರೆ ಡಾಕ್ಟ್ರು."

ಪಂಕಜ ಗಂಡನಿಗೆ ಹೇಳಿದಳು. ಅವನು ಬೇಡ ಎಂದನೇ? ಇಲ್ಲ, ನೋಡಿ, ಇದನ್ನು ಗಮನಿಸಿ. ಬೇಡ ಎನ್ನಲೇ ಇಲ್ಲ. "ಆಯ್ತು, ಭಾನುವಾರ ಬೆಳಗ್ಗೆ ಬೇಗ ಹೊರಡೋಣ, ಹಾಗೇ ಡೀಸೆಲ್ ಹಾಕಿಸ್ಕೊಂಡು ಹೋಗ್ಬಿಡೋಣ" ಎಂದ. ಹಾಗೇ ಎಂದರೆ ಹೇಗೆ? ಅಕ್ಕನ ಮನೆ ಪಶ್ಚಿಮಕ್ಕೆ, ಡಿಪೋ ಬಂಕ್ ಪೂರ್ವಕ್ಕೆ. ಆದರೆ ಅವನ ತಲೆಯೊಳಗೆ ಅದು ದಾರಿಯ ಮೇಲೆಯೇ ಇತ್ತು. ಎಲ್ಲಿಗೆ ಹೋಗುವುದಾದರೂ ಡಿಪೋ ಬಂಕ್ ಅವನ ದಾರಿಯ ಮೇಲೆಯೇ ಇರುತ್ತಿತ್ತು.

ಭಾನುವಾರ ಬೆಳಗ್ಗೆ ಹೊರಟರು. ತಂಪು ಹೊತ್ತಿನ ಗಟ್ಟಿ ಡೀಸೆಲ್ ಬೇಕಾದವನು ಅವನೊಬ್ಬನೇ ಅಲ್ಲವಲ್ಲ. ಡಿಪೋ ಬಂಕಿನಲ್ಲಿ ಟ್ಯಾಕ್ಸಿಯವರು, ಶಾಲಾ ವ್ಯಾನಿನವರು, ಟೆಂಪೋದವರು, ಇವನಂಥ ಕಾರಿನವರು, ಸಾಲು ರಸ್ತೆಯವರೆಗೆ. ಸಾಲು ಕರಗಿ, ಟ್ಯಾಂಕು ತುಂಬಿ, ಕಾರು ಅಲ್ಲಾಡಿಸಿ, ಚಕ್ರಕ್ಕೆ ಗಾಳಿ ಹಾಕಿಸಿ, ಅಲ್ಲಿಂದ ಇಡೀ ಪಟ್ಟಣವನ್ನು ಅಡ್ಡಡ್ಡ ದಾಟಿ ಅಕ್ಕನ ಮನೆ ಸೇರುವಾಗ ಮಧ್ಯಾಹ್ನ. ಅಕ್ಕ ಬಾಗಿಲಲ್ಲೇ ಕೈಮುಗಿದಳು. "ಬನ್ನಿ ಬನ್ನಿ, ಕೂತ್ಕೊಳಿ. ಬಿಸಿಲಲ್ಲಿ ಬಂದಿದೀರ, ನೀರು ಕೊಡ್ಲಾ?" ಎಂದಳು. ಪಂಕಜ ನೀರು ಕುಡಿದು ಬಂದಳು.

ಮುಂದಿನ ಭಾನುವಾರವೂ ಹೀಗೆಯೇ. ಅದರಾಚೆಯದೂ ಹೀಗೆಯೇ. ವಾರವೆಲ್ಲ ಓಡಾಡಿ ಶನಿವಾರಕ್ಕೆ ಸರಿಯಾಗಿ ಕಾರಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು, ಭಾನುವಾರ ಬೆಳಗ್ಗೆ ಡಿಪೋ ಕರೆಯುತ್ತಿತ್ತು. ಅಕ್ಕನ ಬೆಳಗನ್ನೆಲ್ಲ ಪಂಕಜ ಬಂಕಿನ ಸಾಲಿನಲ್ಲಿ ಕಳೆದಳು. ಅಕ್ಕನ ಮಧ್ಯಾಹ್ನಗಳಿಗೆ ಮಾತ್ರ ಅತಿಥಿಯಾದಳು.

ಅಲ್ಲಿ ಮೂರನೆಯ ಸಾಲಿನ ತಾಯಿ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಏನೆಂದು ನನಗೆ ಗೊತ್ತು. ಅವಳಿಗೆ ಕಾಲಿರಲಿಲ್ಲವೇ, ಬಸ್ಸಿರಲಿಲ್ಲವೇ, ಆಟೋ ಇರಲಿಲ್ಲವೇ ಎಂದು ತಾನೇ? ಸರಿಯಾದ ಪ್ರಶ್ನೆ. ಒಂದು ದಿನ ಅವಳು ಚೀಲ ಹಿಡಿದು ಬಾಗಿಲವರೆಗೆ ಬಂದಿದ್ದಳು. "ಎಲ್ಲಿಗೆ?" ಎಂದ ಗಂಡ. "ಅಕ್ಕನ ಮನೆಗೆ. ಆಟೋದಲ್ಲಿ ಹೋಗ್ಬರ್ತೀನಿ" ಎಂದಳು. "ಬಾಗ್ಲಲ್ಲಿ ಕಾರ್ ನಿಲ್ಸ್ಕೊಂಡು ಆಟೋದಲ್ಲಿ ಹೋಗ್ತೀಯಾ? ನೋಡ್ದೋರು ಏನಂದ್ಕೋತಾರೆ? ನಾನೇನ್ ಕರ್ಕೊಂಡ್ ಹೋಗಲ್ಲ ಅಂದ್ನಾ? ಭಾನುವಾರ ಹೋಗೋಣ ಅಂದಿಲ್ವಾ?" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಾದ ಮಾಡಬಹುದಿತ್ತು. ಆದರೆ ತಾಯಂದಿರೇ, ವಾದ ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕು. ಅಷ್ಟು ವರ್ಷ ಸಣ್ಣ ಸಣ್ಣದಕ್ಕೆ ಸುಮ್ಮನಾಗಿ ಸುಮ್ಮನಾಗಿ, ದೊಡ್ಡದು ಬಂದಾಗ ಅವಳಿಗೆ ಬಾಯಿ ಏಳಲಿಲ್ಲ. ಚೀಲವನ್ನು ಮೊಳೆಗೆ ತೂಗುಹಾಕಿ ಒಳಗೆ ಹೋಗಿ ಬೇಳೆ ತೊಳೆದಳು. ನಾನು ಅವಳನ್ನು ಸಮರ್ಥಿಸುತ್ತಿಲ್ಲ. ಆಯಾಸ ಎಂದರೆ ಏನೆಂದು ಹೇಳುತ್ತಿದ್ದೇನೆ, ಅಷ್ಟೇ.

ಕೊನೆಗೆ ಒಂದು ಭಾನುವಾರ ಬಂತು. ಅವತ್ತು ಅಕ್ಕನ ಮಗಳೇ ಬೆಳ್ಳಂಬೆಳಗ್ಗೆ ಫೋನ್ ಮಾಡಿದಳು. ದನಿಯಲ್ಲಿ ಖುಷಿ. "ಚಿಕ್ಕಮ್ಮ, ಎರಡ್ ಮೂರ್ ದಿನದಿಂದ ಅಮ್ಮಂಗೆ ಬೆಳಗ್ಗೇನೂ ಸರಿ ಇರ್ಲಿಲ್ಲ, ನಿಮಗೆ ಹೇಳಿ ಬೇಜಾರು ಮಾಡೋದ್ ಬೇಡ ಅಂತ ಸುಮ್ನಿದ್ದೆ. ಇವತ್ತು ಎದ್ದಾಗಿಂದ ನಿಮ್ಮ ಹೆಸ್ರೇ. ಪಂಕು ಎಲ್ಲಿ, ಪಂಕು ಊಟ ಮಾಡಿದ್ಲಾ ಅಂತ ಒಂದೇ ಸಮ. ಈಗ್ಲೇ ಹೊರಡಿ. ಪ್ಲೀಸ್, ಈಗ್ಲೇ."

ಪಂಕಜ ಉಟ್ಟ ಸೀರೆಯಲ್ಲೇ ಬಂದು ಕಾರಿನಲ್ಲಿ ಕೂತಳು. ಗಂಡನೂ ಬಂದ. ಕೀಲಿ ತಿರುಗಿಸಿದ. ಕೆಂಪು ದೀಪ.

"ಬೀದಿ ಕೊನೇಲೇ ಬಂಕ್ ಇದೆಯಲ್ರೀ, ಇಲ್ಲೇ ಒಂದಿಷ್ಟು ಹಾಕಿಸ್ಕೊಳಿ" ಎಂದಳು.

"ಆ ಬಂಕಲ್ಲಾ? ಅವ್ನು ಅಳತೇಲಿ ಹೊಡೀತಾನೆ ಕಣೇ. ದುಡ್ಡು ಕೊಟ್ಟು ಗಾಳಿ ಹಾಕಿಸ್ಕೊಂಡ ಹಂಗೆ."

"ಇವತ್ತೊಂದಿನ ರೀ."

"ಇವತ್ತೊಂದಿನ ಇವತ್ತೊಂದಿನ ಅಂತಾನೇ ಜನ ಹಾಳಾಗೋದು. ಭಾನುವಾರ, ರಸ್ತೆ ಖಾಲಿ ಇರತ್ತೆ. ಅರ್ಧ ಗಂಟೆ ಅಷ್ಟೇ, ಹಾಕಿಸ್ಕೊಂಡು ಸೀದಾ ಹೋಗ್ಬಿಡೋಣ."

ಅರ್ಧ ಗಂಟೆ ಅಷ್ಟೇ! ಈ ಮಾತನ್ನು ನಿಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ ಎಂದು ಎದೆ ಮುಟ್ಟಿ ಹೇಳಿ ನೋಡೋಣ.

ಬೀದಿ ಕೊನೆಯ ಬಂಕು ಕಿಟಕಿಯಲ್ಲಿ ಬಂತು, ಹೋಯಿತು. ಅಲ್ಲಿ ಸಾಲೇ ಇರಲಿಲ್ಲ. ಕೆಲಸದವನೊಬ್ಬ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಪಂಕಜ ಅದನ್ನು ತಿರುಗಿ ನೋಡಿದಳು.

ಡಿಪೋ ಬಂಕಿನಲ್ಲಿ ಆಗಲೇ ಸಾಲು ಇತ್ತು. ಇವರು ಸಾಲಿನ ನಡುವೆ ಸೇರಿಕೊಂಡರು, ಹಿಂದೆ ಒಂದು ಟೆಂಪೋ, ಮುಂದೆ ಒಂದು ವ್ಯಾನು, ಇನ್ನು ಹೊರಗೆ ಬರುವ ಹಾಗಿಲ್ಲ. ಅಷ್ಟರಲ್ಲಿ ಡಿಪೋದಿಂದ ಎಣ್ಣೆಯ ಟ್ಯಾಂಕರ್ ಬಂತು. ತೊಟ್ಟಿಗೆ ಎಣ್ಣೆ ಇಳಿಸಬೇಕು, ಇಳಿಸಿ ಮುಗಿಯುವವರೆಗೆ ಯಾರಿಗೂ ಹಾಕುವ ಹಾಗಿಲ್ಲ. "ಒಳ್ಳೇದೇ ಆಯ್ತು, ಈಗ ತಾನೇ ಇಳಿಸಿದ ಎಣ್ಣೆ ಸಿಗತ್ತೆ" ಎಂದ ಯಜಮಾನ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅವನು ಕೆಟ್ಟವನಲ್ಲ, ನೋಡಿ. ಕೆಟ್ಟವನಾಗಿದ್ದರೆ ಕಥೆ ಸುಲಭವಾಗುತ್ತಿತ್ತು.

ಆಗ ಪಂಕಜಳಿಗೆ ಫೋನ್ ಬಂತು. ಅಕ್ಕನ ಮಗಳಲ್ಲ, ಅಕ್ಕನೇ.

"ಪಂಕೂ, ಎಲ್ಲಿದೀಯೇ?"

ಎಷ್ಟು ದಿನವಾಗಿತ್ತು ಆ ಕರೆ ಕೇಳಿ! "ಬಂದೆ ಅಕ್ಕ, ದಾರೀಲಿದೀನಿ."

"ತಿಂಡಿ ತಿಂದ್ಯಾ?"

"ಇಲ್ಲಕ್ಕ."

"ತಿನ್ಬೇಡ. ರೊಟ್ಟಿ ಹಾಕಿಸ್ತಾ ಇದೀನಿ, ಇಬ್ರೂ ಒಟ್ಟಿಗೆ ತಿನ್ನೋಣ. ನಿನ್ ಹತ್ರ ಒಂದ್ ಮಾತ್ ಹೇಳೋದಿದೆ. ಮರ್ತೋಗತ್ತೆ ನಂಗೆ, ಬೇಗ ಬಾ. ಬಾಗ್ಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."

"ಏನ್ ಮಾತಕ್ಕ? ಈಗ್ಲೇ ಹೇಳು."

"ಫೋನಲ್ಲಿ ಹೇಳೋದಲ್ಲ ಕಣೇ. ಬಾ ನೀನು."

ಪಂಕಜ ಕಾರಿನ ಬಾಗಿಲು ತೆಗೆದು ಇಳಿದೇಬಿಟ್ಟಳು. ಇಳಿದು ರಸ್ತೆಗೆ ಬಂದಳು. ಆಟೋ ಹುಡುಕಿದಳು. ಊರಾಚೆಯ ಡಿಪೋ ರಸ್ತೆ ಅದು, ಓಡಾಡುವುದೆಲ್ಲ ಟ್ಯಾಂಕರುಗಳೇ. ಬಂದ ಒಬ್ಬ ಆಟೋದವನೂ ಪಶ್ಚಿಮದ ತುದಿ ಎಂದಾಗ "ಅಷ್ಟು ದೂರ ಆಗಲ್ಲಮ್ಮ" ಎಂದು ಹೋದ. ಹಿಂದಿರುಗಿ ಬಂದು ಕೂತಳು. "ಯಾಕೆ ಒದ್ದಾಡ್ತೀಯ, ಇನ್ನೇನ್ ಆಯ್ತಲ್ಲ" ಎಂದ ಗಂಡ. ಟ್ಯಾಂಕರು ಎಣ್ಣೆ ಇಳಿಸುತ್ತಲೇ ಇತ್ತು. ಬಂಕಿನ ಕಾಂಪೌಂಡಿನ ಮೇಲೆ ಬಿಸಿಲು ಏರುತ್ತಲೇ ಇತ್ತು. ಅವನಿಗೆ ಬೇಕಾದ ತಂಪೂ ಹೋಯಿತು, ಅವಳಿಗೆ ಬೇಕಾದ ಬೆಳಗೂ ಹೋಯಿತು. ಆದರೂ ಅವನು ಸಾಲು ಬಿಡಲಿಲ್ಲ. ಇಷ್ಟು ಹೊತ್ತು ಕಾದ ಮೇಲೆ ಬಿಡುವುದು ಹೇಗೆ? ಕಾದದ್ದು ದಂಡವಾಗುವುದಿಲ್ಲವೇ? ನಾವೆಲ್ಲ ಹೀಗೆಯೇ ಲೆಕ್ಕ ಹಾಕುವುದು.

ಅವರು ಹೋಗಿ ಸೇರಿದಾಗ ಅಕ್ಕ ಹೇಳಿದಂತೆಯೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ತಲೆ ಬಾಚಿ ಹೂ ಮುಡಿದಿದ್ದಳು. ಕಣ್ಣು ಗೇಟಿನ ಮೇಲೆಯೇ ಇತ್ತು. ಪಂಕಜ ಓಡಿದಳು. "ಅಕ್ಕಾ" ಎಂದಳು.

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬಹಳ ಮರ್ಯಾದೆಯಿಂದ ನಕ್ಕಳು. "ಬನ್ನಿಮ್ಮಾ. ಯಾರು ಬೇಕಾಗಿತ್ತು?" ಎಂದಳು. ಒಳಗಿನಿಂದ ಬಂದ ಮಗಳು ಬಾಗಿಲಿಗೆ ಒರಗಿ ನಿಂತುಬಿಟ್ಟಳು. "ಈಗ ಸ್ವಲ್ಪ ಹೊತ್ತಿನ ಮುಂಚೆ ತನಕ ಸರಿಯಾಗಿದ್ರು ಚಿಕ್ಕಮ್ಮ" ಎಂದಳು.

ಅಷ್ಟರಲ್ಲಿ ಯಜಮಾನ ಕಾರಿನ ಕೀಲಿಯನ್ನು ಬೆರಳಲ್ಲಿ ಹಿಡಿದುಕೊಂಡು ಹಿಂದೆ ಬಂದ. ಅಕ್ಕ ಅವನನ್ನು ನೋಡಿದಳು, ಕೀಲಿಯನ್ನು ನೋಡಿದಳು, ಗೇಟಿನಾಚೆ ಕಾರನ್ನು ನೋಡಿದಳು.

"ಡ್ರೈವರಾ ನೀನು?" ಎಂದಳು.

ಮಳಿಗೆಗಳ ಒಡೆಯ, ಎರಡು ಮಹಡಿಯ ಯಜಮಾನ, ಕೀಲಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡ. ಆಮೇಲೆ "ಹೂಂ ಅಮ್ಮ" ಎಂದ.

"ಗಾಡೀಲಿ ಎಣ್ಣೆ ಇದ್ಯೇನಪ್ಪಾ?"

ಎಂಥ ಪ್ರಶ್ನೆ ಬಂತು ನೋಡಿ! ಇಡೀ ಜೀವಮಾನ ಅವನು ಯಾವ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡಿದ್ದನೋ ಅದೇ ಪ್ರಶ್ನೆ. "ಫುಲ್ ಇದೆಯಮ್ಮ" ಎಂದ.

"ಹಂಗಾದ್ರೆ ನನ್ನನ್ನ ನನ್ನ ತಂಗಿ ಮನೆಗೆ ಬಿಟ್ಬಿಡು. ಬರ್ತೀನಿ ಬರ್ತೀನಿ ಅಂತಾಳೆ, ಬರಲ್ಲ. ಅವಳಿಗೆ ಪುರುಸೊತ್ತಿಲ್ಲ ಪಾಪ. ನಾನೇ ಹೋಗ್ಬಿಡ್ತೀನಿ. ಅವಳಿಗೊಂದು ಮಾತು ಹೇಳೋದಿದೆ" ಎಂದು ಕುರ್ಚಿಯಿಂದ ಎದ್ದಳು. ಎದ್ದು ಪಂಕಜಳ ಕೈ ಹಿಡಿದಳು. "ನೀವೂ ಬರ್ತೀರೇನಮ್ಮಾ ಜೊತೆಗೆ? ಒಬ್ಳೇ ಹೋಗಕ್ಕೆ ಯಾಕೋ ಭಯ ನಂಗೆ."

ತಂಗಿಯ ಕೈ ಹಿಡಿದುಕೊಂಡು ಅಕ್ಕ ತಂಗಿಯ ಮನೆಗೆ ಹೊರಟಳು.

ಯಜಮಾನ ಹಿಂದಿನ ಬಾಗಿಲು ತೆರೆದು ಹಿಡಿದ. ಇಬ್ಬರೂ ಕೂತರು. ಅವನು ಒಬ್ಬನೇ ಮುಂದೆ ಕೂತು ಕಾರು ಶುರು ಮಾಡಿದ. ಯಾರೂ ಕೇಳದೆ ಏಸಿ ಹಾಕಿದ. "ಯಾವ ಕಡೆ ಅಮ್ಮ?" ಎಂದು ಕೇಳಿದ. ಅಕ್ಕ ಎಡಕ್ಕೆ ಎಂದಳು, ಎಡಕ್ಕೆ ತಿರುಗಿಸಿದ. ಬಲಕ್ಕೆ ಎಂದಳು, ಬಲಕ್ಕೆ ತಿರುಗಿಸಿದ. ಬಾವಿಯ ಪಕ್ಕ ತಿರುಗು ಎಂದಳು, ಆ ಪಟ್ಟಣದಲ್ಲಿ ಬಾವಿ ಎಲ್ಲಿದೆ? ಎದುರಿಗೆ ಬಂದ ಯಾವುದೋ ವೃತ್ತವನ್ನು ಸುತ್ತಿದ. ಇಡೀ ಮಧ್ಯಾಹ್ನ ಊರು ಸುತ್ತಿದ. ಅವನು ಡೀಸೆಲ್ ಮುಳ್ಳಿನ ಕಡೆ ನೋಡಲಿಲ್ಲ. ಮೊದಲ ಸಲ ನೋಡಲಿಲ್ಲ.

ಹಿಂದಿನ ಸೀಟಿನಲ್ಲಿ ಅಕ್ಕ ಪಂಕಜಳಿಗೆ ಪಂಕುವಿನ ವಿಷಯ ಹೇಳುತ್ತಿದ್ದಳು. ಅವಳಿಗೆ ಎರಡು ಜಡೆ ಹಾಕಿದರೆ ಅಳುತ್ತಿದ್ದಳಂತೆ, ಒಂದೇ ಬೇಕು ಅನ್ನುತ್ತಿದ್ದಳಂತೆ. ಶಾಲೆಯಿಂದ ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದಳಂತೆ. "ನಿಮಗೆ ತಂಗೀರು ಇದಾರೇನಮ್ಮಾ?" ಎಂದಳು. ಪಂಕಜ "ಅಕ್ಕ ಇದಾರೆ" ಎಂದಳು. "ಹೌದಾ? ಹೋಗಿ ನೋಡ್ತಿರ್ತೀರಾ?" ಎಂದಳು ಅಕ್ಕ. ಪಂಕಜ ಕಿಟಕಿಯ ಹೊರಗೆ ನೋಡಿದಳು.

ಧೈರ್ಯ ಮಾಡಿ ಒಂದು ಸಲ ಕೇಳಿದಳು. "ನಿಮ್ಮ ತಂಗಿಗೆ ಏನೋ ಮಾತು ಹೇಳ್ಬೇಕು ಅಂದ್ರಲ್ಲ, ಏನದು?"

ಅಕ್ಕ ಸೆರಗಿನ ಗಂಟಿನಲ್ಲಿ ಹುಡುಕಿದಳು. "ಇತ್ತಮ್ಮಾ. ಬೆಳಗ್ಗೆ ಇತ್ತು" ಎಂದಳು.

ಸಂಜೆಯಾಗುವ ಮುಂಚೆ ಅವಳನ್ನು ಮನೆಗೆ ಕರೆತಂದು ಬಿಟ್ಟರು. ಅವಳು ಇಳಿದು ಯಜಮಾನನ ತೋಳು ತಟ್ಟಿದಳು. "ಪಾಪ, ಬಹಳ ಸುತ್ತಿಸ್ಬಿಟ್ಟೆ ನಿನ್ನ. ಅವಳು ಮನೇಲಿ ಸಿಗ್ಲಿಲ್ಲ. ನಾಳೆ ಬೆಳಗ್ಗೆ ಬರ್ತೀಯಾ?" ಎಂದಳು. "ಬರ್ತೀನಮ್ಮ" ಎಂದ.

ಬಂದ. ಇದನ್ನೂ ಹೇಳಬೇಕು. ಮರುದಿನ ಬೆಳಕು ಹರಿಯುವಾಗಲೇ ಇಬ್ಬರೂ ಅಲ್ಲಿದ್ದರು. ಅದರ ಮರುದಿನವೂ ಇದ್ದರು. ಆದರೆ ಅಕ್ಕನ ಬೆಳಗುಗಳು ಮುಗಿದಿದ್ದವು. ಎದ್ದಾಗಲೂ ಮಧ್ಯಾಹ್ನವೇ, ಮಲಗುವಾಗಲೂ ಮಧ್ಯಾಹ್ನವೇ. ಒಂದು ದಿನವಾದರೂ ಅವಳು ತಂಗಿಯನ್ನು ಗುರುತಿಸಿ ಪಂಕು ಎಂದು ಕರೆದಳು ಎಂದು ಹೇಳಿ ಕಥೆ ಮುಗಿಸಿದರೆ ನೀವೂ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದಿರಿ, ನನಗೂ ಹಗುರಾಗುತ್ತಿತ್ತು. ಕರೆಯಲಿಲ್ಲ. ಆ ಮಾತು ಏನಿತ್ತೋ, ಅದೂ ಆ ಬೆಳಗುಗಳ ಜೊತೆಗೇ ಹೋಯಿತು.

ಒಂದು ದಿನ ಹಿಂದಿರುಗುವಾಗ ಗಂಡ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದ. ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತ. "ತಪ್ಪಾಯ್ತು ಕಣೇ" ಎಂದ. ಹೇಗಾದರೂ ಅವಳಿಗೆ ಸಮಾಧಾನ ಹೇಳಬೇಕು ಎನ್ನಿಸಿ, ತಿಳಿಯದೆ, "ಪಂಕು" ಎಂದ.

ಅವಳು ಕೋಪ ಮಾಡಿಕೊಳ್ಳಲಿಲ್ಲ. "ನೀವು ಹಂಗೆ ಕರೀಬೇಡಿ" ಎಂದಳು. "ನಡೀರಿ, ಮನೆಗೆ ಹೋಗೋಣ."

ಕಥೆ ಇಷ್ಟೇ.

ಈಗ ನನ್ನ ಮುಖ ನೋಡಿ. ಗಂಡಸರು ತಲೆ ತಗ್ಗಿಸಿದ್ದೀರಿ, ಹೆಂಗಸರು ಗಂಡಸರ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದೀರಿ. ಇಬ್ಬರಿಗೂ ಹೇಳುತ್ತೇನೆ. ನಾನು ಡೀಸೆಲ್ ವಿಷಯ ಮಾತಾಡುತ್ತಿಲ್ಲ. ದರ ಏರುತ್ತಿದೆ, ನಿಮಗೆ ಕಷ್ಟ ಇದೆ, ಗೊತ್ತು. ದಿನವಿಡೀ ಆಟೋ ಓಡಿಸುವವನು ಪೈಸೆ ನೋಡಬೇಕು, ಸಾಮಾನು ಸಾಗಿಸುವವನು ನೋಡಬೇಕು. ನೋಡಿ. ಅಗ್ಗದ್ದು ಹುಡುಕುವುದು ಪಾಪವಲ್ಲ. ಅಗ್ಗದ್ದು ಹುಡುಕುತ್ತ ಹುಡುಕುತ್ತ ನೀವು ಏನನ್ನು ಬೆಲೆಯಾಗಿ ಕೊಡುತ್ತಿದ್ದೀರಿ? ಯಾರ ಬೆಳಗನ್ನು ಕೊಡುತ್ತಿದ್ದೀರಿ? ಆ ಬೆಳಗು ನಿಮ್ಮದೇ? ನಿಮ್ಮದಲ್ಲದ್ದನ್ನು ಕೊಡಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ನೀವು ಯಾರೂ ಯಾರಿಗೂ ಬರುವುದಿಲ್ಲ ಎಂದು ಹೇಳುವುದಿಲ್ಲ. ಅಲ್ಲವೇ? ಬರುತ್ತೇನೆ ಎನ್ನುತ್ತೀರಿ. ಹಾಗೇ ಇದೊಂದು ಕೆಲಸ ಮುಗಿಸಿಕೊಂಡು ಬರುತ್ತೇನೆ ಎನ್ನುತ್ತೀರಿ. ಆ "ಹಾಗೇ" ಇದೆಯಲ್ಲ, ಅದನ್ನು ಬಿಡಿ. ಅದೊಂದನ್ನು ಬಿಡಿ ಸಾಕು. ಕಾಯುತ್ತಿರುವವರ ಮನೆಗೆ ಹೊರಟಿರಾ, ಅವರ ಮನೆಗೇ ಹೋಗಿ. ಟ್ಯಾಂಕು ಖಾಲಿ ಇದೆಯೇ, ಎದುರಿಗೆ ಸಿಕ್ಕ ಬಂಕಿನಲ್ಲಿ ಹಾಕಿಸಿ, ಎಷ್ಟಾದರೂ ಆಗಲಿ. ಹೆಚ್ಚು ಕೊಟ್ಟೆ ಎಂದು ಹೊಟ್ಟೆ ಉರಿಯುತ್ತದೆಯೇ, ಉರಿಯಲಿ, ನಾಳೆ ತಣ್ಣಗಾಗುತ್ತದೆ. ಅಗ್ಗದ ಬಂಕಿಗೆ ನಿಮ್ಮ ಹೊತ್ತಿನಲ್ಲಿ ಹೋಗಿ, ಇನ್ನೊಬ್ಬರ ಹೊತ್ತಿನಲ್ಲಿ ಅಲ್ಲ.

ಪಕ್ಕದ ಸೀಟಿನವರಿಗೂ ಒಂದು ಮಾತು. ಜಗಳ ಬೇಡ ಎಂದು ಸುಮ್ಮನಾಗುತ್ತೀರಿ, ಅದನ್ನು ಸಹನೆ ಎಂದುಕೊಳ್ಳುತ್ತೀರಿ. ಎಲ್ಲ ಸಲವೂ ಅದು ಸಹನೆಯಲ್ಲ, ತಾಯಂದಿರೇ. ಬಹಳ ಸಲ ಬರೀ ಆಯಾಸ. ನನಗೂ ಆಯಾಸ ಗೊತ್ತು, ಹಾಗಾಗಿ ಹೇಳುತ್ತಿದ್ದೇನೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ ಸುಮ್ಮನಿರಿ. ಹೊಸ ಸೀರೆ ಬೇಡ ಎಂದರೆ ಸುಮ್ಮನಿರಿ. ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಕಾಯುತ್ತಿದ್ದಾರೆ ಎಂದ ದಿನ ಮಾತ್ರ ಸುಮ್ಮನಿರಬೇಡಿ. ಚೀಲ ಎತ್ತಿಕೊಂಡು ಹೊರಡಿ. ನೋಡಿದವರು ಏನಾದರೂ ಅಂದುಕೊಳ್ಳಲಿ.

ಇನ್ನೂ ಅರ್ಧ ಗಂಟೆ ಮಾತಾಡಲು ನನಗೆ ಅವಕಾಶವಿದೆ, ಆಮೇಲೆ ಭಜನೆ, ಆಮೇಲೆ ಪ್ರಸಾದ. ಅದೆಲ್ಲ ಇವತ್ತು ಬೇಡ. ಸಂಚಾಲಕರೇ, ಬೇಸರ ಮಾಡಿಕೊಳ್ಳಬೇಡಿ, ಬಾಗಿಲು ತೆರೆಸಿ. ಪ್ರಸಾದ ಸಂಜೆಯವರೆಗೂ ಇರುತ್ತದೆ, ಬಂದವರು ಬಂದಾಗ ತಿನ್ನಲಿ. ಈ ಕಥೆ ಕೇಳುವಾಗ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಮುಖ ನೆನಪಾಗಿದೆ, ಬಾಗಿಲಲ್ಲಿ ಕೂತ ಮುಖ. ಯಾರದೆಂದು ನನಗೆ ಹೇಳಬೇಡಿ. ಈಗ ಇನ್ನೂ ಬೆಳಗ್ಗೆ, ಬಿಸಿಲು ಏರಿಲ್ಲ. ಏಳಿ, ಅವರ ಮನೆಗೆ ಹೋಗಿ.